ದ್ಯಾಮವ್ವನ ಅಡಕಲು

೧೯೭೧ರ ಫೆಬ್ರುವರಿ ಆರು, ಶನಿವಾರ ಎಂದಿದೆ ನನ್ನ ದಿನಚರಿಯಲ್ಲಿ. ಅಂದು ಮನೆಮಂದಿಯೆಲ್ಲ ದ್ಯಾಮವ್ವನ ಗುಡ್ಡದ ಮೇಲೆ ಡೇರೆ ಹಾಕಿ ತಂಗಿದ್ದೆವು. ಕುರಿಗಾರರ ಹಿರಿಯ ಬರಮಜ್ಜ ಹೇಳಿದ್ದನ್ನು ಅಲ್ಲೇ ಕೂತು ಬರೆದುಕೊಂಡೆ. ಗುಡ್ಡದ ನೆತ್ತಿಯಲ್ಲಿ ಒಂದರ ಮೇಲೊಂದು ಪೇರಿಸಿದ, ಆಳೆತ್ತರದ ಕಲ್ಲಿನ ಅಡಕಲೊಂದಿದೆ. ಅದರ ಬುಡದ ಬಂಡೆಸೀಳಿನಲ್ಲಿರುವ ನೀರಿನ ದೊಣೆ ಬಿರುಬೇಸಿಗೆಯಲ್ಲೂ ಬತ್ತುವುದಿಲ್ಲ.

ಹಿಂದೆ ಒಮ್ಮೆ, ಈ ಸೀಮೆಗೆ ರಸ್ತೆಗಳಿಲ್ಲದಿದ್ದಾಗ, ಕುರಿಗಾರರು ಬೇಸಿಗೆಯ ಮೇವಿಗೆ ಈ ಗುಡ್ಡ ದಾಟುತ್ತಿದ್ದರು. ಮುಂದೆ ಹೋದವರು ನೀರು ಕಂಡಲ್ಲಿ ಕಲ್ಲು ಅಡಕಬೇಕು, ನೀರು ಬತ್ತಿದರೆ ಕೊನೆಗೆ ಹೊರಟವರು ಕೆಡವಬೇಕು. ಅದು ಅವರ ಕಟ್ಟಳೆ. ಒಂದು ವರ್ಷ ದ್ಯಾಮವ್ವ ಮರಿಗಳನ್ನು ಹೊಡೆದುಕೊಂಡು ಮುಂದಾಗಿ ಬಂದಳು. ದೊಡ್ಡ ಹಿಂಡಿನೊಂದಿಗೆ ಗಂಡ ಲಕ್ಕಪ್ಪ ಹಿಂದಿನಿಂದ ಬರುತ್ತಿದ್ದ. ಅದು ಅವಳ ತವರಿನವರ ದಾರಿ, ಅವನು ತುಳಿದದ್ದಲ್ಲ. ಗುಡ್ಡದಲ್ಲಿ ನೋಡಿದರೆ, ಯಾತ್ರೆಯಿಂದ ಮರಳುತ್ತಿದ್ದ ಗೌಡರೊಬ್ಬರ ಮನೆಯವರು ಬಿಡಾರ ಹೂಡಿದ್ದರು. ಕಲ್ಲು ಪೇರಿಸಿ ಬೇಡಿಕೊಂಡರೆ ಮನೆ ಕಟ್ಟಿಸುವ ಭಾಗ್ಯ ಬರುತ್ತದೆಂದು, ನೀರಿಲ್ಲದ ಕೊಳ್ಳದ ಉದ್ದಕ್ಕೂ ಹೆಂಗಸರು ಕಲ್ಲು ಅಡಕಿದ್ದರು.

“ಅವ್ವಾರೆ, ಇವನ್ನ ಕೆಡವ್ರಿ. ನೀರೈತಿ ಅಂತ ನನ್ನ ಗಂಡ ಈ ಕೊಳ್ಳಕ್ಕ ಇಳೀತಾನ,” ಎಂದಳು ದ್ಯಾಮವ್ವ.

ಗೌಡಸಾನಿ ನಕ್ಕಳು. “ಕಲ್ಲು ಕಂಡ್ರ ನೀರು ಅಂತಾನೇನು? ನಿನ್ನ ಗಂಡನೂ ಒಂದು ಕುರೀನ ಏನ?”

“ಹೂನ್ರಿ. ಕಲ್ಲು ಸುಳ್ಳು ಹೇಳಂಗಿಲ್ಲ ಅಂತ ನಂಬಿದ ಕುರಿ.”

“ಮಾಳಗಿ ಮನೀ ಬೇಡಿಕೊಂಡೀನಿ. ಒಂದು ಕಲ್ಲು ಬಿದ್ರ ನಿನ್ನ ಕೈ ಮುರಸ್ತೀನಿ!”

ನೆತ್ತಿಯ ದೊಣೆಗೆ ಅವಳು ಕಲ್ಲು ಅಡಕುವ ಮೊದಲೇ ಗೌಡರ ಆಳುಗಳು ಅವಳನ್ನು ಮರಿಗಳ ಸಮೇತ ಗುಡ್ಡದಾಚೆ ಅಟ್ಟಿಬಂದರು. ಸುತ್ತು ಹಾಕಿ ಅವಳು ಮರಳುವಷ್ಟರಲ್ಲಿ ಲಕ್ಕಪ್ಪ ಇಳಿದಾಗಿತ್ತು. ಒಂದು ಅಡಕಲು ಇನ್ನೊಂದಕ್ಕೆ ಕರೆದು, ಕೊಳ್ಳದ ತಳಕ್ಕೇ ಅವನನ್ನು ಒಯ್ದಿತ್ತು. ಬಾಯಾರಿ ಬಿದ್ದ ಹಿಂಡನ್ನು ಬಿಟ್ಟು ಅವನು ಮೇಲೆ ಹತ್ತಲಿಲ್ಲ. ಗಬ್ಬದ ಕುರಿಯೊಂದಕ್ಕೆ ತನ್ನ ಕಂಬಳಿಯ ನೆರಳು ಹಿಡಿದ ಹಾಗೆಯೇ ಸತ್ತು ಕೂತಿದ್ದನಂತೆ.

ಬಿಡಾರದವರು ಅಷ್ಟರಲ್ಲಿ ಗಾಡಿ ಕಟ್ಟಿಕೊಂಡು ಹೋಗಿದ್ದರು. ದ್ಯಾಮವ್ವ ಹರಕೆಯ ಅಡಕಲುಗಳನ್ನೆಲ್ಲ ಕೆಡವಿ, ಆ ಕಲ್ಲುಗಳನ್ನೇ ಹೊತ್ತು ನೆತ್ತಿಗೇರಿಸಿ ದೊಣೆಯ ಮೇಲೆ ಪೇರಿಸಿದಳು. ಗುಡ್ಡಕ್ಕೆ ಅವಳ ಹೆಸರು ಬಂದದ್ದು ಹಾಗೆ ಎನ್ನುತ್ತಾರೆ.

ಈಗ ರಜೆಗೆ ಬಂದು ಡೇರೆ ಹಾಕುವವರು ಅದರ ಸುತ್ತಲೂ, ಕೊಳ್ಳದ ಅಂಚಿನಲ್ಲೂ ಪುಟ್ಟ ಪುಟ್ಟ ಅಡಕಲು ಕಟ್ಟುತ್ತಾರೆ. ಓದಿದವರೇ ಹೆಚ್ಚು. ದ್ಯಾಮವ್ವ ಮನೆ ಕೊಡುವ ದೇವತೆಯಂತೆ! ಕುರಿಗಾರರು ಆ ಗುಡ್ಡದ ಕಲ್ಲನ್ನು ನಂಬುವುದು ಬಿಟ್ಟು, ಡಾಂಬರು ರಸ್ತೆಯಲ್ಲಿ ಬಳಸಿಕೊಂಡು ಹೋಗುತ್ತಾರೆ. ಅವಳಿಗಂತೂ ಮನೆ ಆಗಲಿಲ್ಲ. ಗಂಡ ಹೋದ, ಹಿಂಡು ಹೋಯಿತು. ಉಳಿದ ಮರಿಗಳನ್ನೂ ಮಾರಿ, ಸಾಯುವ ತನಕ ಕಂಡವರ ಕುರಿ ಕಾಯ್ದಳು.