ಬ್ರೇಕಮ್ಮ ಗಳಿಸಿದ ಮೈಲೇಜು

ಪೆಟ್ರೋಲ್, ಕರೆಂಟು ಎರಡರಲ್ಲೂ ಓಡುವ ಒಂದು ಹೈಬ್ರಿಡ್ ಕಾರಿನಲ್ಲಿ ಮೈಲೇಜು ತೋರಿಸುವ ಮೀಟರಯ್ಯ ಒಡತಿಯ ಕಣ್ಣೆದುರು ಮಿನುಗುತ್ತಿದ್ದ. ಬ್ರೇಕಮ್ಮ ಅವಳ ಕಾಲಡಿಯಲ್ಲಿ ಧೂಳು ತಿನ್ನುತ್ತಿದ್ದಳು.

"ಲೇ, ಓಡುವ ಕಾರಿಗೆ ಅಡ್ಡಗಾಲು ನೀನು. ನಿನ್ನಿಂದಲೇ ನಾನು ಲೀಟರಿಗೆ ಇಪ್ಪತ್ತೆರಡು ದಾಟಿಲ್ಲ" ಎಂದ ಮೀಟರಯ್ಯ.

"ತುಳಿತ ನನಗೆ, ನರಳಾಟ ನಿನಗೆ!" ಎಂದಳು ಬ್ರೇಕಮ್ಮ.

ಅಂದು ಘಾಟಿ ಇಳಿಯುವಾಗ ಒಡತಿ ಸಬೀನಾ, ಹಳೇ ಕಾರಿನ ಚಾಳಿಯಂತೆ, ಪೆಟ್ರೋಲ್ ಉಳಿಸಲು ಗೇರನ್ನು ನ್ಯೂಟ್ರಲ್‌ಗೆ ತಳ್ಳಿದಳು. ಕಾರು ಸರ್ರನೆ ಜಾರಿತು.

"ಈಗ ನೋಡು ನನ್ನ ಗತ್ತು!" ಎಂದು ಬೀಗಿದ ಮೀಟರಯ್ಯ.

ಬ್ರೇಕಮ್ಮನಿಗೆ ಹಿಂದಿನ ಸೀಟಿನಲ್ಲಿ ಮಲಗಿದ್ದ ಸಬೀನಾಳ ಕೂಸಿನದೇ ಚಿಂತೆ. ತಿರುವಿನಲ್ಲಿ ಎಮ್ಮೆಗಳ ಹಿಂಡು ನಿಂತಿತ್ತು.

"ಅಕ್ಕಾ, ಹಿಡಿಯೇ!" ಮೀಟರಯ್ಯ ಚೀರಿದ.

ಸಬೀನಾ ತುಳಿದಳು. ಬ್ರೇಕಮ್ಮ ಹಲ್ಲುಕಚ್ಚಿ ಹಿಡಿದಳು. ಎಮ್ಮೆಯ ಬಾಲಕ್ಕೂ ಕಾರಿಗೂ ಗೇಣು ಉಳಿಯಿತು. ಕೂಸು ಎಚ್ಚೆತ್ತು, ಎಮ್ಮೆ ನೋಡಿ ಕೇಕೆ ಹಾಕಿತು.

ಸಬೀನಾ ಮತ್ತೆ ಗೇರು ಹಾಕಿ, ಉಳಿದ ಇಳಿಜಾರನ್ನು ಬ್ರೇಕು ಮೆಲ್ಲಗೆ ಒತ್ತುತ್ತ ಇಳಿದಳು. ಒತ್ತಿದಷ್ಟೂ ಚಕ್ರದ ಬಿರುಸು ಕರೆಂಟಾಗಿ ಬ್ಯಾಟರಿ ಸೇರಿತು. ಬಯಲಿಗೆ ಬಂದ ಮೇಲೆ ಕಾರು ಹನಿ ಪೆಟ್ರೋಲ್ ಮುಟ್ಟದೆ ಆ ಕರೆಂಟಿನಲ್ಲೇ ಓಡಿತು. ಮೀಟರಯ್ಯ ಮೊದಲ ಸಲ ಇಪ್ಪತ್ತೆಂಟು ಮುಟ್ಟಿದ.

"ಯಾರ ದುಡಿಮೆಯಪ್ಪಾ ಇದು?" ಬ್ರೇಕಮ್ಮ ಕೇಳಿದಳು.

"ನಿನ್ನದೇ ಅಕ್ಕಾ."

"ಹಾಗಾದರೆ ಇನ್ನೂ ಜೋರಾಗಿ ಹೊಳೆ. ಕಾಲಡಿಯವಳ ಗೆಲುವು ಎಲ್ಲರಿಗೂ ಕಾಣಲಿ!"