ಕಾವಲಿಲ್ಲದ ಜೋಳದ ಕೋಣೆ

ನಮ್ಮ ಪೂಜ್ಯ ಗುರುಸಿದ್ಧವ್ವನವರ ಮಠವೆಂದರೆ ಏನು ಮಹಾ! ಹಳ್ಳದ ದಂಡೆಯಲ್ಲಿ ಎರಡಂಕಣದ ಮಣ್ಣಿನ ಮನೆ, ಪಕ್ಕದಲ್ಲೊಂದು ಜೋಳದ ಕೋಣೆ. ಆ ಕೋಣೆಯಿಂದಲೇ ಸುತ್ತಲಿನ ಊರುಗಳ ಹೊಟ್ಟೆ ತಣ್ಣಗಿತ್ತು. ಅವ್ವನವರ ಅಪ್ಪಣೆಯಂತೆ ಪ್ರತಿ ಮನೆಯಲ್ಲೂ ಬೀಸುವ ಮುನ್ನ ಒಂದು ಮುಷ್ಟಿ ಜೋಳ ಅಲ್ಲೇ ಇಟ್ಟ ಮಠದ ಗಡಿಗೆಗೆ ಬೀಳಬೇಕು. ಒಂದೂರಿಗೆ ಕಡಿಮೆಯಾದರೆ ಮತ್ತೊಂದೂರಿನ ಜೋಳ ಗಾಡಿಯೇರುತ್ತಿತ್ತು. ಕೊಡುವವರೂ ಒಯ್ಯುವವರೂ ಚೀಲವನ್ನು ಸೆರಗಿನಲ್ಲೋ ಹೆಗಲ ವಲ್ಲಿಯಲ್ಲೋ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. ಬಾಗಿಲಲ್ಲಿ ಯಾರೂ ನಿಲ್ಲಕೂಡದು. ಯಾರು ಸುರಿದರು, ಯಾರು ತುಂಬಿಕೊಂಡರು, ಶಿವನೊಬ್ಬನಿಗೇ ಗೊತ್ತು.

ಇದು ಕಾಳುಕಡಿಯ ಅಡತಿ ವ್ಯಾಪಾರಿ ಚನ್ನಮಲ್ಲಪ್ಪ ಶೆಟ್ಟರಿಗೆ ಸರಿಬರಲಿಲ್ಲ. ಪಾಪ, ಕೆಟ್ಟವರಲ್ಲ, ಚೀಲಗಟ್ಟಲೆ ಕೊಟ್ಟವರೇ. ಆದರೆ ಕಾವಲಿಲ್ಲದ ಕಾಳು ಕಂಡರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಅವ್ವಾರ, ಉಂಡ ಮನಿ ಜಂತಿ ಎಣಿಸೋ ಮಂದಿ ಅದಾರ. ಕೋಣಿ ಬಳಕೊಂಡು ಹೋಗ್ತಾರ. ನಾನೇ ಬಾಗಲದಾಗ ಕುಂದರ್ತೀನಿ,” ಎಂದರು.

“ಕುಂದರಪಾ,” ಎಂದು ಅವ್ವನವರು ನಕ್ಕರು.

ಶೆಟ್ಟರು ಮೀಸೆ ತಿರುವಿ ಕುಳಿತರು. ವಾರ ಕಳೆಯಿತು. ಸುರಿಯುವವರು ಬಂದರು, ಒಯ್ಯುವವರು ಒಬ್ಬರೂ ಬರಲಿಲ್ಲ. “ನೋಡ್ರಿ ಅವ್ವಾರ, ಊರಾಗ ಹಸದವರೇ ಇಲ್ಲ!” ಎಂದು ಹಿಗ್ಗಿದರು.

ಅವ್ವನವರು ನಗಲಿಲ್ಲ. ತಮ್ಮ ಜೋಳಿಗೆಯನ್ನು ತೆಗೆದು ಶೆಟ್ಟರ ಹೆಗಲಿಗೆ ಹಾಕಿದರು. “ನೇಕಾರ ಓಣಿಗೆ ಹೋಗಿ ದುಂಡವ್ವನ ಮನ್ಯಾಗ ಭಿಕ್ಷಾ ಬೇಡಿಕೊಂಡು ಬಾ.”

ಬೇಡುವುದೆಂದರೆ ಶೆಟ್ಟರಿಗೆ ಪ್ರಾಣಸಂಕಟ. ಆದರೆ ಗುರುವಿನ ಮಾತು ಮೀರುವುದುಂಟೆ? ಹೋಗಿ ನಿಂತು, “ಮಠದ ಭಿಕ್ಷಾ, ಯವ್ವಾ,” ಎಂದರು. ಒಳಗೆ ಮಗ್ಗ ನಿಂತಿತ್ತು, ದುಂಡವ್ವನ ಗಂಡ ಹಾಸಿಗೆ ಹಿಡಿದಿದ್ದ. ಒಲೆಯ ಬೂದಿ ತಣ್ಣಗಾಗಿತ್ತು. ಗೋಡೆಗೊರಗಿದ ಮಕ್ಕಳಿಗೆ ಅಳುವ ತ್ರಾಣವೂ ಇರಲಿಲ್ಲ. ದುಂಡವ್ವ ಮಠದ ಗಡಿಗೆ ತಂದು, ತಳದಲ್ಲಿದ್ದ ಜೋಳವನ್ನೆಲ್ಲ ಜೋಳಿಗೆಗೆ ಸುರಿದಳು. “ಮಠದ್ದರಿ ಇದು. ನಾವು ಮುಟ್ಟಿಲ್ಲ.”

ಶೆಟ್ಟರು ತಣ್ಣಗಿನ ಒಲೆಯತ್ತ ನೋಡಿದರು. “ಮಠದಾಗ ಕೋಣಿ ತುಂಬೇತಲ್ಲ ತಂಗಿ, ಯಾಕ ಬರಲಿಲ್ಲ?”

“ನೀವು ಬಾಗಲದಾಗ ಕುಂತಿದ್ರಲ್ಲ, ಯಣ್ಣಾ. ನಿಮ್ಮ ಮುಂದ ಹೆಂಗ ಚೀಲ ಹಿಡೀಲಿ?”

ಶೆಟ್ಟರು ಎದ್ದುಬಿದ್ದು ಓಡಿ ಬಂದು ಅವ್ವನವರ ಪಾದಕ್ಕೆ ಬಿದ್ದರು. “ತಪ್ಪಾತವ್ವಾ! ಕೂಸುಗಳನ್ನ ಉಪಾಸ ಕೆಡವಿದವ ನಾನೇ!”

“ಅಳೋದು ಆಮ್ಯಾಲ. ಮೊದಲ ಹಿಟ್ಟು ಒಯ್ಯಿ. ಅವರ ಹಿತ್ತಲ ಬಾಗಲದಿಂದ ಹೋಗು,” ಎಂದರು ಅವ್ವನವರು.

ಒಯ್ದರು. ದುಂಡವ್ವ ರೊಟ್ಟಿ ಬಡಿದು ಮಕ್ಕಳ ಜೊತೆಗೆ ಅವರ ಕೈಗೂ ಒಂದು ಇಟ್ಟಳು. ಯಾರ ಮನೆಯಲ್ಲೂ ಉಣ್ಣಲು ಕೈ ತೊಳೆಯದ ಶೆಟ್ಟರು ಆ ಮಕ್ಕಳ ಪಂಕ್ತಿಯಲ್ಲೇ ಕುಳಿತು ಕಣ್ಣೀರು ಸುರಿಸುತ್ತ ಉಂಡರು.

ಅಂದಿನಿಂದ ಬಾಗಿಲ ಕಾವಲು ಬಿಟ್ಟು ಊರೂರಿಗೆ ಜೋಳದ ಗಾಡಿ ಹೊಡೆದವರು ಶೆಟ್ಟರೇ. ದಾರಿಯಲ್ಲಿ ಯಾರಾದರೂ, “ಯಾರ ಮನಿಗ್ರಿ ಇದು?” ಎಂದು ಕೇಳಿದರೆ, “ನಮ್ಮನಿಗೆ,” ಎಂದು ಎತ್ತು ಹೊಡೆದುಕೊಂಡು ಮುಂದೆ ಹೋಗುತ್ತಿದ್ದರು.