ಗೆರೆ ತುಳಿದ ಹುಡುಗಿ

"ಗುರುಗಳೇ, ನನ್ನ ತಂಗಿಯ ಮಗಳು ಬಂಡಿಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಈಗ ಓಡಾಡುತ್ತಾಳೆ. ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದೇವೆ. ಆದರೂ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ನಮ್ಮ ಪ್ರೀತಿ ಎಲ್ಲಿ ಕಡಿಮೆಯಾಯಿತು?" ಎಂದು ಶಿಷ್ಯ ಕೇಳಿದ.

"ಪ್ರೀತಿಯನ್ನು ಸೇರಿನಲ್ಲಿ ಅಳೆದೆಯೇನಪ್ಪಾ? ಕೂತುಕೋ" ಎಂದು ಗುರು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಮಗಳು ದಾನಮ್ಮನಿಗೆ ಹತ್ತು ವರ್ಷ. ಅಟ್ಟದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಳು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಗಾಯ ಮಾಯಿತು. ಆದರೆ ಹೆಜ್ಜೆ ತೂರಾಡುತ್ತಿತ್ತು, ಮಾತು ನಡುವೆ ನಿಂತುಹೋಗುತ್ತಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಪ್ಪನಿಗೆ ಅವಳೆಂದರೆ ಜೀವ.

ಬೀದಿಯಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ನೇಕಾರ ಅವರಿಗೆಲ್ಲ ಬೆಲ್ಲ ಹಂಚಿ, "ನನ್ನ ಮಗಳನ್ನೂ ಸೇರಿಸಿಕೊಳ್ಳಿ. ಗೆರೆ ತುಳಿದರೂ ಏನೂ ಅನ್ನಬೇಡಿ" ಎಂದ. ತಪ್ಪು ಅನ್ನಲಾರೆ, ಹೆತ್ತ ಕರುಳು. ಮಕ್ಕಳು ಒಪ್ಪಿದರು. ಹಿಂದೆ ಹಿಂದೆ ಬರುವ ಪುಟ್ಟ ತಮ್ಮ ತಂಗಿಯರಿಗೆ ಕೊಡುವ ಜಾಗವನ್ನೇ ಅವಳಿಗೂ ಕೊಟ್ಟರು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ದಾನಮ್ಮ ಗೆರೆ ತುಳಿದಳು. ಯಾರೂ ಏನೂ ಅನ್ನಲಿಲ್ಲ. ಮೂರನೆಯ ದಿನ ಬಿಲ್ಲೆಯನ್ನು ಚರಂಡಿಗೆ ಎಸೆದು ಮನೆಗೆ ಬಂದಳು. ಆಮೇಲೆ ಹೊಸ್ತಿಲು ದಾಟಲಿಲ್ಲ. ಊಟವೂ ಅರ್ಧವಾಯಿತು. ಬದುಕಿ ಬಂದ ಮಗಳು ಹೀಗೂ ಕೈತಪ್ಪಿ ಹೋಗುತ್ತಾಳೇನೋ ಎಂದು ನೇಕಾರ ಹೆದರಿದ.

ಅಷ್ಟರಲ್ಲಿ ಅಜ್ಜಿಯ ಊರಿಗೆ ಹೋಗಿದ್ದ ಪಕ್ಕದ ಮನೆಯ ಹುಡುಗಿ ಅಂಬವ್ವ ಮರಳಿದಳು. ಬೆಲ್ಲ ಹಂಚಿದ ಸಂಗತಿ ಅವಳಿಗೆ ಗೊತ್ತಿಲ್ಲ. ದಾನಮ್ಮನ ಕೈಹಿಡಿದು ಎಳೆದುಕೊಂಡು ಹೋಗಿ ಆಟಕ್ಕೆ ನಿಲ್ಲಿಸಿದಳು. ಎರಡನೆಯ ಮನೆಗೇ, "ಗೆರೆ ತುಳಿದೆ. ಔಟು. ಆಚೆ ನಿಲ್ಲು" ಎಂದಳು.

"ತುಳಿದಿಲ್ಲ" ಎಂದಳು ದಾನಮ್ಮ. ಮುಂದಿನ ಮಾತು ಗಂಟಲಲ್ಲೇ ನಿಂತಿತು. ಅಂಬವ್ವ ಸೊಂಟಕ್ಕೆ ಕೈಯಿಟ್ಟು ಕಾದಳು. ಮಾತು ಹೊರಬಂದ ಮೇಲೆ ಮತ್ತೆ ಜಗಳಕ್ಕೆ ನಿಂತಳು. ಅಂಬವ್ವನನ್ನು ಬಯ್ಯಲು ನೇಕಾರ ಮಗ್ಗ ಬಿಟ್ಟು ಎದ್ದ. ಹೆಂಡತಿ ತೋಳು ಹಿಡಿದು ಕೂರಿಸಿದಳು. ಬಿದ್ದ ದಿನದಿಂದ ಮಗಳು ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಸಂಜೆ ದಾನಮ್ಮ ಧೂಳು ಮೆತ್ತಿದ ಕಾಲಲ್ಲೇ ಒಳಗೆ ಬಂದಳು. "ಅಪ್ಪಾ, ನಾಲ್ಕು ಸಲ ಔಟಾದೆ. ನಾಳೆ ಮೊದಲ ಸರದಿ ನನ್ನದು. ಹಸಿವಾಗಿದೆ" ಎಂದಳು. ನೇಕಾರ ತಟ್ಟೆ ಇಟ್ಟು, ಆಚೆ ತಿರುಗಿ ಸಂತೋಷಕ್ಕೆ ಅತ್ತುಬಿಟ್ಟ.

ಗುರು ಕತೆ ನಿಲ್ಲಿಸಿ ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.

"ನಿನ್ನ ತಂಗಿಯ ಮಗಳ ಜೊತೆ ಯಾರಾದರೂ ಜಗಳವಾಡಿ ಎಷ್ಟು ದಿನವಾಯಿತು?"